ಹನ್ನೊಂದು ಮನೆಯ ಚಹಾ

ಲೀವಳ ತಂಗಿ ಬಂದ ಮರುದಿನ ರುಕ್ಮಾಳಿಗೆ ಬೆಳಗಿನಿಂದಲೇ ಮೈಯಲ್ಲಿ ಕಸುವಿರಲಿಲ್ಲ. ಗುಳಿಗೆಯ ಚೀಲ ಹೆಗಲಿಗೆ ಹಾಕಿಕೊಂಡು ಕಾಲೆಳೆಯುತ್ತ ನಡೆದಿದ್ದಳು. ಮುಂದೆ ಹೋಗುತ್ತಿದ್ದ ಲೀವಳ ನಡಿಗೆಯೂ ಅಷ್ಟೇ ಭಾರ. ಅರವತ್ತು ದಾಟಿದ ಇಬ್ಬರು, ಇನ್ನೇನು ಕುದುರೆಯಂತೆ ಓಡಲಾದೀತೆ ಎಂದುಕೊಂಡಳು.

ಲೀವ ಬೆಲ್ಜಿಯಂ ದೇಶದವಳು. ಅಲ್ಲಿ ನರ್ಸ್ ಕೆಲಸ ಬಿಟ್ಟು, ಹಳಿಯಾಳದಾಚೆ ಕಾಡಂಚಿನ ಈ ಸಿದ್ದಿಗಳ ಕೇರಿಗೆ ಸೇವೆಗೆಂದು ಬಂದು ಹದಿನಾಲ್ಕು ವರ್ಷ. ಬಿ.ಪಿ. ಇದ್ದವರ ಹನ್ನೊಂದು ಮನೆಗೆ ದಿನಾ ಹೋಗುವುದು, ಅವರು ಗುಳಿಗೆ ನುಂಗಿ ನೀರು ಕುಡಿಯುವ ತನಕ ಎದುರಿಗೆ ಕೂರುವುದು ಅವಳ ಕೆಲಸ. ರುಕ್ಮಾ ಅವಳ ಜೊತೆಗಾತಿ.

ಬಂದ ಹೊಸದರಲ್ಲಿ ಲೀವ ಯಾರ ಮನೆಯಲ್ಲೂ ಚಹಾ ಮುಟ್ಟಲಿಲ್ಲ. ಬಡವರಿಗೇಕೆ ಖರ್ಚು ಎಂಬುದು ಅವಳ ಲೆಕ್ಕ. ಕೇರಿಯವರೂ ಅವಳ ಗುಳಿಗೆ ಮುಟ್ಟಲಿಲ್ಲ. ಎಲ್ಲವೂ ಹಂಚಿನ ಸಂದಿ ಸೇರಿದವು. ಆಗ ರುಕ್ಮಾಳೇ ಹೇಳಿದ್ದಳು, "ನಮ್ಮ ಚಹಾ ನಿನ್ನ ಗಂಟಲದಾಗ ಇಳೀಲಿಲ್ಲಂದ್ರ, ನಿನ್ನ ಗುಳಿಗಿ ನಮ್ಮ ಗಂಟಲದಾಗ ಹೆಂಗ ಇಳೀಬೇಕು ಅಕ್ಕಾ?"

ಅಂದಿನಿಂದ ಲೀವ ಹನ್ನೊಂದೂ ಮನೆಯಲ್ಲಿ ಕುಡಿದಳು. ರುಕ್ಮಾ ಅಷ್ಟಕ್ಕೇ ಬಿಡಲಿಲ್ಲ. ಪಾಪ, ತನ್ನವರನ್ನು ಬಿಟ್ಟು ಬಂದವಳು ಎಂದು ಮನೆಮನೆಗೆ ಹೋಗಿ, ಲೀವಕ್ಕನ ಲೋಟಕ್ಕೆ ಎರಡು ಚಮಚೆ ಸಕ್ಕರೆ ಹೆಚ್ಚಿಗೆ ಹಾಕಿರೆಂದು ಹೇಳಿ ಬಂದಿದ್ದಳು. ಯಾರೂ ತಪ್ಪಿಸಲಿಲ್ಲ.

ಆವತ್ತು ಮೊದಲೆರಡು ಮನೆಗಳಲ್ಲಿ ಅಕ್ಕ ಚಹಾ ಕುಡಿಯುವುದನ್ನು ತಂಗಿ ಹುಬ್ಬು ಗಂಟಿಕ್ಕಿ ನೋಡಿದ್ದಳು. ಮೂರನೆಯ ಮನೆ ಪೆದ್ರುವಿನದು. ಲೀವಳ ಹಿಂದೆ ತಂಗಿ ಆನ್ಕೆಯನ್ನೂ ಕಂಡು ಅವನು ಕಟ್ಟೆಯಿಂದಲೇ ಕೂಗಿದ, "ಬರ್ರಿ, ಬರ್ರಿ! ನನ್ನ ಬಿ.ಪಿ. ನೋಡಾಕ ವಿಮಾನದಾಗ ಬಂದಾರ. ಎಂಥಾ ದೊಡ್ಡ ಮನಷ್ಯಾ ಆದ್ಯೋ ಪೆದ್ರು!"

ಅವನ ಮಗಳು ಜ್ಯೂಲಿ ಚಹಾ ತಂದಳು. ಲೀವ ಲೋಟ ತುಟಿಗೆ ಒಯ್ಯುವಷ್ಟರಲ್ಲಿ ಆನ್ಕೆ ಅದನ್ನು ಕಸಿದು ಅಂಗಳಕ್ಕೆ ಚೆಲ್ಲಿಬಿಟ್ಟಳು.

ಪೆದ್ರು ಬಾಯಿಗೆ ಹಾಕಿಕೊಳ್ಳಲಿದ್ದ ಗುಳಿಗೆಯನ್ನು ಕಟ್ಟೆಯ ಮೇಲೆ ಇಟ್ಟ. "ಯಾಕ್ರಿ, ವಿಷಾ ಹಾಕೇವೇನು? ಚಹಾ ಚೆಲ್ಲಿದವರ ಗುಳಿಗಿ ನಾ ನುಂಗಾಂವಲ್ಲ."

ಆನ್ಕೆ ಕಣ್ಣು ತುಂಬಿಕೊಂಡು ಇಂಗ್ಲಿಷಿನಲ್ಲಿ ಒಂದೇ ಸಮನೆ ಏನೋ ಹೇಳಿದಳು. ಲೀವಳನ್ನು ಬಿಟ್ಟರೆ ಅದು ಅಲ್ಲಿ ತಿಳಿಯುತ್ತಿದ್ದದ್ದು ಹಳಿಯಾಳದಲ್ಲಿ ಓದಿದ ಜ್ಯೂಲಿಗೊಬ್ಬಳಿಗೇ.

"ಜ್ಯೂಲಿ, ಹೇಳಬ್ಯಾಡ" ಎಂದಳು ಲೀವ.

"ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ" ಎಂದು ಜ್ಯೂಲಿ ರುಕ್ಮಾಳ ಕಡೆ ತಿರುಗಿದಳು. "ಅತ್ತಿ, ಇವರಿಗೆ ಶುಗರ್ ಐತಂತ. ನಾಕು ವರ್ಷ ಆತಂತ. ಕಾಲ್ಬೆರಳಿನ ಹುಣ್ಣು ಮಾಯವಲ್ದಂತ, ಕಾಲುಚೀಲದಾಗ ಮುಚ್ಚಿ ಇಟ್ಟಾರ. ಹಿಂಗ ಬಿಟ್ರ ಕಾಲ ತಗೀಬೇಕಾಗ್ತೈತಂತ. ಶುಕ್ರವಾರ ತಮ್ಮ ದೇಶಕ್ಕ ಕರ್ಕೊಂಡು ಹೋಗ್ತೀನಿ ಅಂತಾರ ತಂಗಿ. ಇವರು ಒಲ್ಲೆ ಅಂತಾರ."

ರುಕ್ಮಾ ಅಂಗಳದಲ್ಲಿ ಚೆಲ್ಲಿದ ಚಹಾ ನೋಡಿದಳು. ಕೇರಿಯ ಕೈಗಳೆಲ್ಲ ಸಕ್ಕರೆ ಡಬ್ಬಿಗೆ ಹೋಗಿದ್ದು ತನ್ನ ಮಾತಿನಿಂದ.

"ಸಕ್ಕರಿ ಬ್ಯಾಡಂತ ಒಂದ ಮಾತು ಅನ್ನಾಕ ನಿನಗ ಬಾಯಿ ಇರ್ಲಿಲ್ಲೇನ ಅಕ್ಕಾ?"

"ಅಂದಿದ್ದೆ, ನಿನ್ನ ಮನ್ಯಾಗ" ಎಂದಳು ಲೀವ. "ನೀ ಅವತ್ತು ಊಟಾನೇ ಮಾಡ್ಲಿಲ್ಲ."

ನಿಜ. ಬಿಳಿಯಳಿಗೆ ನಮ್ಮ ಕೈಯ ರುಚಿ ಬೇಸರವಾಯಿತು ಎಂದು ರುಕ್ಮಾ ಆವತ್ತು ಮುಖ ಗಂಟು ಹಾಕಿಕೊಂಡಿದ್ದಳು. ಮರುದಿನ ಲೀವ ಸುಮ್ಮನೆ ಕುಡಿದಿದ್ದಳು.

"ಊರಿಗೆಲ್ಲಾ ಗುಳಿಗಿ ನುಂಗಿಸಿದಿ. ನಿನ್ನ ಮುಂದ ಯಾರು ಕುಂತಿದ್ರು?" ರುಕ್ಮಾ ಅವಳ ಕಾಲುಚೀಲದತ್ತ ಕೈ ತೋರಿಸಿದಳು. "ಹೋಗು. ಶುಕ್ರವಾರ ತಂಗಿ ಜೋಡಿ ಹೋಗು."

"ಪೆದ್ರು ಗುಳಿಗಿ?"

"ಪೆದ್ರು ಸತ್ರ ನಾ ಅಳ್ತೀನಿ, ನೀ ಹೋಗು."

"ಏ ರುಕ್ಮಕ್ಕಾ, ನಾ ಇಲ್ಲೇ ಅದೇನಿ" ಎಂದ ಪೆದ್ರು.

"ಇದ್ರ ನುಂಗು."

"ನೀ ಯಾವ ಡಾಕ್ಟರಮ್ಮ? ಮೊದ್ಲ ನಮ್ಮ ಮನಿ ಚಹಾ ಕುಡಿ."

ರುಕ್ಮಾ ಕುಡಿದಳು. ಅವನು ನುಂಗಿದ. ಲೀವಳನ್ನು ಅಲ್ಲೇ ಕೂರಿಸಿ, ಕಾಲನ್ನು ಮಣೆಯ ಮೇಲೆ ಇಡಿಸಿ, ರುಕ್ಮಾ ಒಬ್ಬಳೇ ಹೊರಟಳು. ಮನೆಮನೆಯಲ್ಲೂ ಅದೇ ಪ್ರಶ್ನೆ, ಅದೇ ಚಹಾ. ಕೊನೆಯ ಮನೆಯ ಸುನಂದಾಳಿಗೆ ಸಕ್ಕರೆ ಕಡಿಮೆ ಹಾಕೆಂದರೆ, "ಯಾಕ, ನಮ್ಮ ಡಬ್ಬಿ ಬರಿದಾಗೈತಂತ ಯಾರ ಅಂದ್ರು?" ಎಂದು ಮುನಿದಳು. ವಾದಿಸಲು ರುಕ್ಮಾಳಿಗೆ ತ್ರಾಣವಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳು ಪೆದ್ರುವಿನ ಅಂಗಳಕ್ಕೆ ಮರಳಿದಳು. ಬಾಯೆಲ್ಲ ಅಂಟು, ಹೊಟ್ಟೆ ಉಬ್ಬರ.

"ಎಲ್ಲಾರೂ ನುಂಗಿದ್ರಾ?" ಲೀವ ಕೇಳಿದಳು.

"ಒಂಬತ್ತು ಮಂದಿ ನುಂಗಿದ್ರು. ಇಬ್ಬರು ನೀನ ಬರಬೇಕು ಅಂದ್ರು."

ಲೀವ ಏಳಲು ಹೋದಳು. ರುಕ್ಮಾ ಅವಳ ಹೆಗಲು ಒತ್ತಿ ಹಿಡಿದಳು.

"ಕುಂದ್ರು. ನಾಳೆ ಮತ್ತ ನಾನ ಹೋಗ್ತೀನಿ."