ಓದಿದವರು ಉಳಿಯುತ್ತಾರೆ

ಕರಡು ತಿದ್ದುವವರನ್ನು ಜನ ನೆನೆಯುವುದು ತಪ್ಪು ಉಳಿದಾಗ ಮಾತ್ರ. ‘ಆಹಾ, ಒಂದೂ ತಪ್ಪಿಲ್ಲ, ಇದನ್ನು ತಿದ್ದಿದ ಪುಣ್ಯಾತ್ಮರು ಯಾರು?’ ಎಂದು ಕೇಳಿದ ಓದುಗನನ್ನು ಈ ಭೂಮಿ ಇನ್ನೂ ಹೆತ್ತಿಲ್ಲ. ಆ ಪ್ರಕಾಶನದ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡಿಕೊಂಡು ಬಂದವಳ ಹೆಸರೂ ಯಾವ ಪುಸ್ತಕದಲ್ಲೂ ಅಚ್ಚಾಗಿರಲಿಲ್ಲ. ಎಲ್ಲರೂ ಅವಳನ್ನು ಕೊಂಬಕ್ಕ ಎನ್ನುತ್ತಿದ್ದರು. ಯಾವ ಅಕ್ಷರಕ್ಕೆ ಕೊಂಬು ಬಿಟ್ಟುಹೋದರೂ ಅವಳ ಕಣ್ಣಿಗೆ ಬೀಳುತ್ತಿತ್ತು, ಅದಕ್ಕೆ. ತಲೆಯ ಮೇಲೂ ಎರಡಿವೆ ಎಂದು ಬೆನ್ನ ಹಿಂದೆ ಆಡಿಕೊಳ್ಳುವವರೂ ಇದ್ದರು. ಅದೇನೂ ಪೂರ್ತಿ ಸುಳ್ಳಲ್ಲ.

ಓದುಗರ ಪತ್ರ ಒಡೆಯುವುದೂ ಅವಳದೇ ಕೆಲಸ. ಹಾಗಾಗಿ ‘ಮುಚ್ಚದ ಹೊತ್ತಿಗೆ’ ಎಂಬ ದೆವ್ವದ ಕಾದಂಬರಿ ಹೊರಬಂದ ಮೇಲೆ ಏನಾಗುತ್ತಿದೆ ಎಂಬುದು ಮೊದಲು ಅವಳಿಗೇ ತಿಳಿಯಿತು. ಕತೆ ಇಷ್ಟೇ. ಒಂದು ಶಾಪದ ಪುಸ್ತಕ ಮನೆಯಿಂದ ಮನೆಗೆ ದಾಟುತ್ತದೆ. ಅದನ್ನು ಓದಿ ಮುಗಿಸಿದವರ ಬೆನ್ನ ಹಿಂದೆ ಯಾರೋ ಬಂದು ಕೂರುತ್ತಾರೆ. ಕೊನೆಯ ಪುಟದಲ್ಲಿ, ಎಲ್ಲವನ್ನೂ ಕಂಡುಂಡ ಮುದುಕನೊಬ್ಬ ಒಂದೇ ಮಾತು ಹೇಳಿ ಸುಮ್ಮನಾಗುತ್ತಾನೆ: "ಓದಿದವರು ಉಳಿಯುತ್ತಾರೆ."

ಮೊದಲ ವಾರದ ಪತ್ರಗಳು ಪುಸ್ತಕವನ್ನು ಇನ್ನೂ ಅರ್ಧ ಓದಿದವರವು, ತಮಾಷೆಯೇ ಹೆಚ್ಚು. ದೆವ್ವಕ್ಕೆ ಏಕವಚನವೋ ಬಹುವಚನವೋ ಮೊದಲು ತೀರ್ಮಾನಿಸಿ ಎಂದು ನಿವೃತ್ತ ಮೇಷ್ಟರೊಬ್ಬರು ಎರಡು ಪುಟ ಬೈದಿದ್ದರು. ನನ್ನ ಗಂಡ ಈಗ ಬಚ್ಚಲಿಗೆ ಹೋಗಲೂ ನನ್ನನ್ನು ಕರೆಯುತ್ತಾರೆ, ಇದಕ್ಕೆ ಪರಿಹಾರ ನೀವೇ ಹೇಳಬೇಕು ಎಂದು ಒಬ್ಬಾಕೆ ಬರೆದಿದ್ದಳು. ಇನ್ನೊಬ್ಬ ಮಹಾಶಯನಿಗೆ ಎಳ್ಳಷ್ಟೂ ಭಯವಾಗಿರಲಿಲ್ಲವಂತೆ, ಆದರೂ ಪುಸ್ತಕವನ್ನು ಭಾವಮೈದುನನ ಮನೆಗೆ ಸಾಗಿಸಿದ್ದ. ಪ್ರಕಾಶನದ ಯಜಮಾನರು ಇವನ್ನೆಲ್ಲ ಗಟ್ಟಿಯಾಗಿ ಓದಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡನೆಯ ವಾರ ನಗು ನಿಂತಿತು. ಆಸ್ಪತ್ರೆಯ ನರ್ಸ್ ಒಬ್ಬಳ ಪತ್ರ ಬಂತು. ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು, ಕಾಗದ ನೋಡದೆ ಬರೆದ ಹಾಗೆ. ‘ಮುಗಿಸಿದ ಕೂಡಲೇ ಹಿಂದಿನ ಕುರ್ಚಿ ಕಿರುಗುಟ್ಟಿತು. ನೀವು ಹೇಳಿದ್ದೀರಲ್ಲ, ಓದಿದವರು ಉಳಿಯುತ್ತಾರೆ ಅಂತ. ಮತ್ತೆ ಮೊದಲಿಂದ ಓದುತ್ತಿದ್ದೇನೆ. ಓದುವಷ್ಟು ಹೊತ್ತು ಅದು ಅಲುಗಾಡುವುದಿಲ್ಲ. ನಿಲ್ಲಿಸಿದರೆ ಹತ್ತಿರ ಬರುತ್ತದೆ. ಈಗಲೂ ಬಾಯಲ್ಲಿ ಓದುತ್ತಲೇ ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಇನ್ನೆಷ್ಟು ಸಲ ಓದಬೇಕು, ದಯವಿಟ್ಟು ತಿಳಿಸಿ.’

ಮರುದಿನ ಇಂಥವೇ ಮೂರು ಬಂದವು. ಅದರ ಮರುದಿನ ಒಂದೇ ಬಂತು, ಓದುಗನದಲ್ಲ, ಓದುಗನ ನೆರೆಯವನದು. ‘ಪಕ್ಕದ ಮನೆಯ ದರ್ಜಿ ನಾಲ್ಕು ದಿನ ಗಟ್ಟಿಯಾಗಿ ನಿಮ್ಮ ಪುಸ್ತಕ ಓದುತ್ತಲೇ ಇದ್ದ. ನಿನ್ನೆ ಬೆಳಿಗ್ಗೆ ದನಿ ನಿಂತಿತು. ಬಾಗಿಲು ಒಡೆದು ನೋಡಿದೆವು. ಪುಸ್ತಕ ಇದೆ, ಚಪ್ಪಲಿ ಇದೆ, ಅವನಿಲ್ಲ. ಎರಡು ಕುರ್ಚಿಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಅವನ ಮನೆಯಲ್ಲಿ ಇರುವವನು ಅವನೊಬ್ಬನೇ.’

ಕೊಂಬಕ್ಕ ಐದೂ ಪತ್ರಗಳನ್ನು ಒಯ್ದು ಯಜಮಾನರ ಮುಂದಿಟ್ಟಳು.

"ಯಾರೋ ನಾಲ್ಕು ಜನ ಸೇರ್ಕೊಂಡು ಆಟ ಆಡ್ತಿದಾರೆ ಬಿಡಮ್ಮ," ಎಂದರು ಯಜಮಾನರು. ಅವರು ತಾವು ಅಚ್ಚು ಹಾಕಿಸಿದ ಪುಸ್ತಕವನ್ನು ಎಂದೂ ಓದಿದವರಲ್ಲ. ಆ ಕೆಟ್ಟ ಅಭ್ಯಾಸವೇ ಅವರನ್ನು ಕಾಪಾಡಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ಆಟವೇ ಇರಲಪ್ಪಾ ಎಂದು ಅವಳೂ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಅದೇ ಮಧ್ಯಾಹ್ನ ಲೇಖಕರು ಬಂದರು. ಸಣ್ಣ ಆಳು, ಬದುಕಿಡೀ ಪುಸ್ತಕಗಳಿಗೆ ರಟ್ಟು ಕಟ್ಟಿಕೊಂಡು ಬಂದವರು, ಬೆರಳ ತುದಿಗಳಲ್ಲಿ ಇನ್ನೂ ಅಂಟಿನ ಸಿಪ್ಪೆ. ಇದೊಂದೇ ಕಾದಂಬರಿ ಬರೆದಿದ್ದರು. ಬಾಗಿಲಲ್ಲೇ ನಿಂತು, ಪುಸ್ತಕದ ಕೊನೆಯ ಪುಟವನ್ನು ಮಾತ್ರ ಬಿಡಿಸಿ ಹಿಡಿದು ಕೇಳಿದರು: "ಇದನ್ನ ತಿದ್ದಿದ್ದು ಯಾರಮ್ಮ?"

"ನಾನೇ ಸಾರ್. ಯಾಕೆ?"

"ನಾನು ಬರೆದಿದ್ದು ಓದಿದವರು ಅಂತಲ್ಲ ತಾಯಿ. ಓಡಿದವರು. ಓಡಿ ಹೋದವರು ಉಳೀತಾರೆ ಅಂತ."

ಕೊಂಬಕ್ಕ ಎದ್ದು ಕಪಾಟಿನಿಂದ ಮೂಲ ಹಸ್ತಪ್ರತಿ ತೆಗೆದಳು. ಕೊನೆಯ ಹಾಳೆ. ದುಂಡಗಿನ ಅಕ್ಷರ, ಅನುಮಾನಕ್ಕೆ ಎಡೆಯೇ ಇಲ್ಲದ ‘ಡ’.

ಹೇಗಾಯಿತೆಂದು ಅವಳಿಗೆ ಅಲ್ಲೇ ತಿಳಿಯಿತು. ಕಚೇರಿಯಲ್ಲಿ ಅಕ್ಷರ ಜೋಡಿಸುವವನ ಗಣಕಯಂತ್ರದಲ್ಲಿ ದ, ಡ ಎರಡಕ್ಕೂ ಒಂದೇ ಕೀಲಿ. ಶಿಫ್ಟ್ ಒತ್ತಿದರೆ ಡ, ಒತ್ತದಿದ್ದರೆ ದ. ಅವನ ಶಿಫ್ಟ್ ಕೀಲಿ ಚಹಾ ಕುಡಿದು ಆಗಾಗ ಅಂಟಿಕೊಳ್ಳುತ್ತಿತ್ತು. ದಾರಿ ಎಂಬುದು ಡಾರಿಯಾಗಿ ಬರುತ್ತಿತ್ತು, ದನ ಹೋಗಿ ಡನವಾಗುತ್ತಿತ್ತು. ಈ ಪುಸ್ತಕದಲ್ಲಂತೂ ‘ಓದಿದವರು’ ಎಂಬುದು ಹನ್ನೊಂದು ಸಲ ‘ಓಡಿದವರು’ ಎಂದೇ ಬಂದಿತ್ತು. ಹನ್ನೊಂದನ್ನೂ ಅವಳು ಅವನಿಗೆ ಬೈದುಕೊಂಡೇ ತಿದ್ದಿದ್ದಳು. ಹನ್ನೆರಡನೆಯದನ್ನೂ ಅದೇ ಕೈ, ಅದೇ ಕೆಂಪು ಪೆನ್ನು ತಿದ್ದಿತು. ಮೂಲ ತೆಗೆದು ನೋಡುವ ತಾಳ್ಮೆ ಆ ಒಂದು ಸಲ ಇರಲಿಲ್ಲ. ಒಂದು ಅಕ್ಷರ. ಅದರಿಂದ ದರ್ಜಿ ಓಡುವ ಬದಲು ಓದುತ್ತಾ ಕೂತ.

"ಇದನ್ನೆಲ್ಲ ಬರೀಲೇಬೇಕಿತ್ತಾ ಸಾರ್?" ಎಂದಳು.

"ಎಚ್ಚರಿಕೆ ಕೊಡೋಕೇ ಬರೆದೆ. ಆ ಶಾಪದ ಪುಸ್ತಕ ನಿಜಕ್ಕೂ ಇತ್ತು, ಅದಕ್ಕೆ ರಟ್ಟು ಕಟ್ಟಿದವನು ನಾನೇ. ಓದಿ ಮುಗಿಸಿ ಓಡಿದೆ, ಬದುಕಿದೆ. ಅದರ ನಾಲ್ಕು ಸಾಲು ನನ್ನ ಕೈಯಿಂದ ಇದರೊಳಗೂ ಬಂದುಬಿಟ್ಟಿವೆ, ಬೇಕಂತ ಹಾಕಿದ್ದಲ್ಲ." ಅವರು ಪುಸ್ತಕವನ್ನು ಮೇಜಿನ ಮೇಲೆ ಬೋರಲಾಗಿಟ್ಟರು. "ಕೊನೇ ಪುಟ ಮುಗಿದ ಕ್ಷಣಕ್ಕೇ ಓಡಬೇಕು. ತಿರುಗಿ ನೋಡಬಾರದು. ತನ್ನ ಕಾಲಲ್ಲಿ ತಾನೇ ಓಡಬೇಕು, ಇನ್ನೊಬ್ಬರು ಹೊತ್ಕೊಂಡು ಹೋದರೆ ಅದೂ ಹಿಂದೇನೇ ಬರತ್ತೆ. ಅಲ್ಲಾ ತಾಯಿ, ನೀವೂ ಓದಿದ್ರಲ್ಲ? ನಿಮಗೇನೂ ಆಗಲಿಲ್ವಾ?"

"ನಾನು ಓದಲ್ಲ ಸಾರ್. ತಿದ್ತೀನಿ."

ಅದು ನಿಜ. ಕತೆಯ ಸೆಳೆತಕ್ಕೆ ಸಿಕ್ಕಿದರೆ ಕಣ್ಣು ತಪ್ಪನ್ನು ಹಾರಿಸಿಬಿಡುತ್ತದೆಂದು ಅವಳು ಪುಟವನ್ನು ಕೆಳಗಿನಿಂದ ಮೇಲಕ್ಕೆ, ಕೊನೆಯ ಪದದಿಂದ ಮೊದಲ ಪದಕ್ಕೆ ನೋಡುತ್ತಿದ್ದಳು. ನೂರಾರು ಪುಸ್ತಕ ಅವಳ ಕೈ ದಾಟಿದ್ದವು, ಒಂದನ್ನೂ ಅವಳು ಓದಿರಲಿಲ್ಲ. ಅವಳ ಮನೆಯಲ್ಲಿ ಓದುವವರೇ ಬೇರೆ.

ಆ ಯೋಚನೆ ಬಂದದ್ದೇ ತಡ, ಅವಳ ಕೈ ಫೋನಿಗೆ ಹೋಯಿತು. ಅಮ್ಮ!

ಮಗಳು ತಿದ್ದಿದ ಪುಸ್ತಕಗಳನ್ನು ಮಾತ್ರ ಅಮ್ಮ ಓದುತ್ತಿದ್ದಳು, ಪ್ರತಿಯೊಂದನ್ನೂ, ಸಾಲಿನ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ, ದಿನಕ್ಕೆ ಹತ್ತು ಪುಟ. ಬೆಳಿಗ್ಗೆ ಮಗಳು ಹೊರಡುವಾಗ ಹೇಳಿದ್ದಳು: "ಇನ್ನು ಎಂಟೇ ಪುಟ ಕಣೆ. ಮಧ್ಯಾಹ್ನದೊಳಗೆ ನಿನ್ನ ದೆವ್ವನ ಮುಗಿಸ್ತೀನಿ." ಕೊಂಬಕ್ಕ ನಕ್ಕು ಬಂದಿದ್ದಳು.

ಮನೆಯ ಫೋನು ಹತ್ತು ಸಲ ಬಡಿದುಕೊಂಡಿತು. ಯಾರೂ ಎತ್ತಲಿಲ್ಲ.

ಅವಳು ಓಡಿದಳು. ಐವತ್ತರ ಹೆಂಗಸು ಕನ್ನಡಕ ಕೈಯಲ್ಲಿ ಹಿಡಿದು ಬೀದಿಯಲ್ಲಿ ಓಡುವುದನ್ನು ಜನ ನಿಂತು ನೋಡಿದರು. ಬೀಗ ರಿಪೇರಿಯವನು "ಏನಾಯ್ತಕ್ಕಾ?" ಎಂದು ಕೂಗಿದ. ಉತ್ತರಿಸುವಷ್ಟು ಉಸಿರು ಅವಳಲ್ಲಿರಲಿಲ್ಲ. ಅಮ್ಮನಿಗೆ ಎರಡೂ ಮಂಡಿ ಹಿಡಿದುಕೊಂಡು ಎರಡು ವರ್ಷ. ಮೂರನೆಯ ಮಹಡಿಯಿಂದ ಒಂದು ಮೆಟ್ಟಿಲೂ ಇಳಿದವಳಲ್ಲ. ಮೆಟ್ಟಿಲು ಹತ್ತುತ್ತಾ ಕೊಂಬಕ್ಕ ಒಂದನ್ನೇ ಬೇಡಿಕೊಂಡಳು: ಅಮ್ಮ ನಿದ್ದೆ ಹೋಗಿರಲಿ, ಕೊನೆಯ ಪುಟ ಉಳಿದಿರಲಿ.

ಎರಡನೆಯ ಮಹಡಿಯಲ್ಲೇ ಅಮ್ಮನ ದನಿ ಕೇಳಿಸಿತು. ಓದುತ್ತಿದ್ದಳು. ಕೊಂಬಕ್ಕನಿಗೆ ಹೋದ ಜೀವ ಬಂದಂತಾಯಿತು. ಮೂರನೆಯ ಮಹಡಿಗೆ ಬಂದಾಗ ಪದಗಳು ಸ್ಪಷ್ಟವಾದವು. ಅದು ಮೊದಲ ಪುಟ.

ಬಾಗಿಲು ತೆಗೆದಳು. ಅಮ್ಮ ಕಿಟಕಿಗೆ ಮುಖಮಾಡಿ ಕೂತಿದ್ದಳು, ಬೆರಳು ಸಾಲಿನ ಕೆಳಗೆ. ಅವಳ ಹಿಂದೆ, ಗೋಡೆಯ ಪಕ್ಕ ಇರಬೇಕಾದ ಬೆತ್ತದ ಕುರ್ಚಿ, ಕೊಂಬಕ್ಕ ಮನೆಯಲ್ಲಿ ಕರಡು ತಿದ್ದಲು ಕೂರುವ ಕುರ್ಚಿ, ಈಗ ಕೋಣೆಯ ನಡುವೆ ಇತ್ತು. ಖಾಲಿ. ಆದರೆ ಬೆತ್ತದ ಹೆಣಿಗೆ ಭಾರ ಹೊತ್ತಂತೆ ಕೆಳಕ್ಕೆ ತಗ್ಗಿತ್ತು.

ಕೊಂಬಕ್ಕ ಅಮ್ಮಾ ಎನ್ನಲು ಬಾಯಿ ತೆರೆದಳು.

"...ಆ ಮನೆಯ ಕದ ತಾನಾಗಿಯೇ ತೆರೆದುಕೊಂಡಿತು, ಪೂರ್ಣವಿರಾಮ," ಎಂದು ಅಮ್ಮ ಅದೇ ಓದಿನ ದನಿಯಲ್ಲಿ, ತಲೆಯೆತ್ತದೆ ಹೇಳಿದಳು. "ಒಳಗೆ ಬರಬೇಡ ಪುಟ್ಟೀ, ಅಲ್ಪವಿರಾಮ, ಅಲ್ಲೇ ನಿಂತ್ಕೋ, ಪೂರ್ಣವಿರಾಮ."

ಹಿಂದೆ ಕೆಲಸ ಮನೆಗೆ ತಂದಾಗ ಇಬ್ಬರೂ ಹೀಗೇ ಕೂರುತ್ತಿದ್ದರು. ಅಮ್ಮ ಮೂಲವನ್ನು ವಿರಾಮ ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದುವುದು, ಮಗಳು ಕರಡು ನೋಡುವುದು. ನಡುವೆ ‘ಒಲೆ ಮೇಲೆ ಹಾಲಿದೆ, ಪೂರ್ಣವಿರಾಮ’ ಎಂದು ಅಮ್ಮ ತೂರಿಸಿ ಇಬ್ಬರೂ ನಗುತ್ತಿದ್ದರು. ಬೆನ್ನ ಹಿಂದೆ ಕೂತದ್ದಕ್ಕೆ ಓದು ಯಾವುದು, ಮಾತು ಯಾವುದು ಎಂದು ತಿಳಿಯುತ್ತಿರಲಿಲ್ಲ. ಕುರ್ಚಿ ಅಲುಗಲಿಲ್ಲ.

ಕೊಂಬಕ್ಕ ಅದೇ ರಾಗ ಹಿಡಿದಳು. "ತಪ್ಪು ನನ್ನದು ಅಮ್ಮಾ, ಅಲ್ಪವಿರಾಮ, ಅದು ಓದಿದವರು ಅಲ್ಲ, ಅಲ್ಪವಿರಾಮ, ಓಡಿದವರು, ಪೂರ್ಣವಿರಾಮ. ನಾನೇ ಕೆಡಿಸಿದೆ, ಪೂರ್ಣವಿರಾಮ."

ಅಮ್ಮನ ಬೆರಳು ಒಂದು ಗಳಿಗೆ ತಡೆಯಿತು. ಹಿಂದಿನ ಕುರ್ಚಿ ನೆಲ ಕೆರೆದು ಒಂದು ಗೇಣು ಮುಂದೆ ಸರಿಯಿತು. ಅಮ್ಮ ಗಬಕ್ಕನೆ ಎರಡು ಸಾಲು ಓದಿ ಮುಂದುವರಿಸಿದಳು: "ಈ ಮಂಡಿ ಇಟ್ಕೊಂಡು ಓಡು ಅಂದಿದ್ರೆ ನಾನು ಎಲ್ಲಿಗೆ ಓಡ್ತಿದ್ದೆ, ಪ್ರಶ್ನಾರ್ಥಕ. ಕೊನೇ ಸಾಲಲ್ಲಿ ಓಡು ಅಂತ ಇದ್ದಿದ್ರೆ ಅಲ್ಲೇ ನನ್ನ ಕತೆ ಮುಗೀತಿತ್ತು, ಪೂರ್ಣವಿರಾಮ. ನೀನು ತಿದ್ದಿದ ಅಕ್ಷರ ಹಿಡ್ಕೊಂಡೇ ಇಷ್ಟು ಹೊತ್ತು ಬದುಕಿದೀನಿ, ಪೂರ್ಣವಿರಾಮ. ಡ ನಿನಗೆ, ಅಲ್ಪವಿರಾಮ, ದ ನನಗೆ, ಪೂರ್ಣವಿರಾಮ. ನೀನು ಓಡು, ಪೂರ್ಣವಿರಾಮ."

ಅಮ್ಮನ ದನಿ ಒಣಗಿ ಸೀಳುತ್ತಿತ್ತು. ಎಷ್ಟು ಹೊತ್ತಿಂದ ಓದುತ್ತಿದ್ದಳೋ. ದರ್ಜಿ ನಾಲ್ಕು ದಿನ ಓದಿದ್ದ, ಆದರೆ ಅವನು ಒಬ್ಬನೇ ಇದ್ದ. ಕೊಂಬಕ್ಕ ಹೊಸ್ತಿಲ ಹೊರಗೆ ನಿಂತು ಮೆಟ್ಟಿಲ ಕಡೆ ನೋಡಿದಳು. ಅವಳಿಗೆ ಬಹಳ ಭಯವಾಗಿತ್ತು, ಓಡಬೇಕೆನಿಸಿತ್ತು, ಕಾಲು ಆಗಲೇ ಅತ್ತ ತಿರುಗಿತ್ತು ಕೂಡ. ಇದನ್ನು ಮುಚ್ಚಿಟ್ಟು ಅವಳನ್ನು ದೊಡ್ಡವಳನ್ನಾಗಿ ಮಾಡುವುದರಲ್ಲಿ ಅರ್ಥವಿಲ್ಲ.

ಆಮೇಲೆ ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು.

ಗೋಡೆ ಸವರಿಕೊಂಡು, ಕುರ್ಚಿಯತ್ತ ಕಣ್ಣು ಹಾಯಿಸದೆ, ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತಳು. ಅಮ್ಮ ಕಣ್ಣಲ್ಲೇ ಬೈದಳು. ಮೂರನೆಯ ಪುಟದ ನಡುವೆ ಅಮ್ಮನ ದನಿ ಕಟ್ಟಿತು. ಅದೇ ಪದದ ಬಾಲ ಹಿಡಿದು ಕೊಂಬಕ್ಕ ಪುಸ್ತಕ ತೆಗೆದುಕೊಂಡು ಓದತೊಡಗಿದಳು. ಮೇಲಿನಿಂದ ಕೆಳಕ್ಕೆ, ಮೊದಲ ಪದದಿಂದ ಮುಂದಿನ ಪದಕ್ಕೆ, ಎಲ್ಲರೂ ಓದುವ ಹಾಗೆ. ಅಮ್ಮ ಕಣ್ಣುಮುಚ್ಚಿ ಕಿಟಕಿಯ ಸರಳಿಗೆ ತಲೆಯಾನಿಸಿ ಎಂಜಲು ನುಂಗಿಕೊಂಡಳು.

ನಾಲ್ಕನೆಯ ಪುಟದಲ್ಲಿ ‘ಗುಡಿಸಲು’ ಎಂಬಲ್ಲಿ ಗುವಿನ ಕೊಂಬು ಬಿಟ್ಟುಹೋಗಿತ್ತು, ತಿದ್ದುವಾಗ ಅವಳ ಕಣ್ಣನ್ನೂ ತಪ್ಪಿಸಿಕೊಂಡು. ಇಪ್ಪತ್ತೆರಡು ವರ್ಷದ ಅಭ್ಯಾಸ, ಕಣ್ಣು ಅಲ್ಲೇ ಕಚ್ಚಿಕೊಂಡಿತು, ಓದು ನಿಂತಿತು, ಕೈ ತಾನಾಗಿ ಕಿವಿಯ ಮೇಲಿನ ಕೆಂಪು ಪೆನ್ನಿಗೆ ಹೋಯಿತು. ಕತ್ತಿನ ಹತ್ತಿರ ಬೆತ್ತ ಕಿರುಗುಟ್ಟಿತು. ಅವಳು ಕೈ ಕೆಳಗಿಳಿಸಿ, "ಗಡಿಸಲು" ಎಂದು ತಪ್ಪನ್ನು ತಪ್ಪಾಗಿಯೇ ಓದಿ, ಮುಂದಿನ ಪದಕ್ಕೆ ಹೋದಳು.