ಹದಿನಾಲ್ಕು ದಿನದ ಗೋಣಿಚೀಲ

ಮಾದಾಪುರದ ಹತ್ತಿರ ಮೊಣ್ಣಪ್ಪ ಸಾವ್ಕಾರರ ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕಣಕ್ಕೆ ಕಾಂಕ್ರೀಟು ಹಾಕಿದವನು ನಾನು. ತಿಂಗಳಾಗುವಷ್ಟರಲ್ಲಿ ಅದು ಬಿರುಕು ಬಿಟ್ಟಿತು. ಕುಯ್ಲಿನ ಆಳುಗಳೆಲ್ಲ ಕೇಳುವಂತೆ ಸಾವ್ಕಾರರು ಹೇಳಿದರು: "ಸಿಮೆಂಟ್ ಕದ್ದಿದೀಯ ಕಣೋ ನಿಂಗ. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನ್ ಕೈಗೆ ಕೆಲ್ಸ ಕೊಟ್ನಲ್ಲ, ನಂದು ತಪ್ಪು."

ಏಳನೇ ಕ್ಲಾಸು ನಿಜ. ಕದ್ದದ್ದು ಸುಳ್ಳು. ಆ ಮಾತು ಹರಡಿದರೆ ಸುತ್ತಲಿನ ಯಾವ ಎಸ್ಟೇಟಿನವರೂ ನನ್ನನ್ನು ಕರೆಯುವುದಿಲ್ಲ. ಕಣ ಹಾಕಿದ ದಿನ ಅದೇ ಕಾಂಕ್ರೀಟಿನಿಂದ ಒಂದು ಚಿಕ್ಕ ಬೀಮ್ ಎರೆದು, ಮನೆಯ ಡ್ರಮ್ಮಿನ ನೀರಲ್ಲಿ ಮುಳುಗಿಸಿಟ್ಟಿದ್ದೆ. ಪ್ರತಿ ಕೆಲಸಕ್ಕೂ ಹಾಗೆ ಒಂದನ್ನು ಇಡುತ್ತೇನೆ. ಇಂಜಿನಿಯರಿಂಗ್ ಕಾಲೇಜಲ್ಲಿ ಇದನ್ನು ಮುರಿಸಿ ನೋಡೋಣ ಬನ್ನಿ ಎಂದೆ. ಸೋಲುವವನು ನಾನೇ ಎಂಬ ಧೈರ್ಯಕ್ಕೆ ಸಾವ್ಕಾರರೇ ಜೀಪು ತೆಗೆದರು.

ಅಲ್ಲಿ ಪಾಠ ಹೇಳುವ ಮಾಳವಿಕಾ ಮೇಡಂ ಬಿರುಕು ಅಲ್ಲಿಂದಲೇ ಏಳಲಿ ಎಂದು ಬೀಮಿನ ಕೆಳಬದಿಯ ನಡುಮಧ್ಯದಲ್ಲಿ ಒಂದು ಗೀರು ಕೊಯ್ದು ಯಂತ್ರಕ್ಕೆ ಕೊಟ್ಟರು. ಒತ್ತಡ ಏರುತ್ತಲೇ ಹೋಯಿತು, ನನ್ನ ಬೀಮ್ ಜಗ್ಗಲಿಲ್ಲ. ಕೊನೆಗೆ ಗೀರಿನ ತುದಿಯಿಂದ ಕೂದಲಿನಷ್ಟು ಬಿರುಕು ಹೊರಟು, ಜಲ್ಲಿ ಅಡ್ಡ ಸಿಕ್ಕಲ್ಲೆಲ್ಲ ಸುತ್ತಿ ಬಳಸಿ ಮೇಲೆ ಹತ್ತಿತು. ಮೇಡಂ ಅಂಕಿ ನೋಡಿ, ಸಿಮೆಂಟು ಸರಿಯಾಗಿಯೇ ಬಿದ್ದಿದೆ ಎಂದರು.

"ಹಂಗಾದ್ರೆ ನನ್ ಕಣ ಯಾಕ್ ಒಡೀತು?" ಸಾವ್ಕಾರರು ಕೇಳಿದರು.

ಮೇಡಂ ನನ್ನ ಕಡೆ ತಿರುಗಿ ಕಣದ ಆಕಾರ, ದಪ್ಪ, ಎಷ್ಟು ದಿನ ಒದ್ದೆ ಇತ್ತು ಎಂದು ವಿಚಾರಿಸಿದರು. ಹದಿನಾಲ್ಕು ದಿನ ಒದ್ದೆ ಗೋಣಿಚೀಲ ಹೊದಿಸಿಡಿ ಎಂದಿದ್ದೆ. ಕುಯ್ಲು ಶುರುವಾಯಿತು, ಕಾಫಿ ತುಂಬಲು ಚೀಲ ಬೇಕು ಎಂದು ಸಾವ್ಕಾರರು ಐದನೇ ದಿನವೇ ಎಲ್ಲ ಎತ್ತಿಸಿದ್ದರು. ಅವತ್ತೇ ಕೂಗಾಡಿದ್ದೆ. ಯಾರು ಕೇಳುತ್ತಾರೆ?

ಬಿರುಕು ಎಲ್ಲಿ ಏಳುತ್ತದೆಂದು ಲೆಕ್ಕ ಹಾಕುವ ಕಂಪ್ಯೂಟರಿಗೆ ಮೇಡಂ ಬೀಮಿನ ಅಂಕಿ, ಕಣದ ಅಳತೆ ತುಂಬಿ, ಒದ್ದೆ ಇದ್ದದ್ದು ಐದು ದಿನ ಎಂದು ಕೊಟ್ಟರು. ತೆರೆಯ ಮೇಲಿನ ಕಣದಲ್ಲಿ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ತೊಟ್ಟಿ ಕಣದೊಳಕ್ಕೆ ಚಾಚಿದ ಮೂಲೆಯಿಂದ ಒಂದು ಕೆಂಪು ಗೆರೆ ಎದ್ದು ಓರೆಯಾಗಿ ಗೇಟಿನತ್ತ ಓಡಿತು. ನಿಜವಾದ ಬಿರುಕನ್ನು ಮೇಡಂ ನೋಡಿರಲಿಲ್ಲ. ಸಾವ್ಕಾರರು ನೋಡಿದ್ದರು: ಅದೇ ಮೂಲೆ, ಅದೇ ಓರೆ. ಹದಿನಾಲ್ಕು ದಿನ ಎಂದು ಕೊಟ್ಟಾಗ ಗೆರೆ ಏಳಲೇ ಇಲ್ಲ.

ಒಡೆದ ಭಾಗ ಕಿತ್ತು ಮತ್ತೆ ಹಾಕಿಕೊಡು ಎಂದು ವಾಪಸು ಬರುವಾಗ ಜೀಪಿನಲ್ಲೇ ಸಾವ್ಕಾರರು ಮೆಲ್ಲಗೆ ಹೇಳಿದರು.

"ಆಳ್ಗಳ್ ಮುಂದೆ ಕರೀರಿ, ಬತ್ತೀನಿ," ಎಂದೆ.

ಮರುದಿನ ಆಳುಗಳ ಮುಂದೆಯೇ, ನಿಂಗ ಕದ್ದಿಲ್ಲ, ತಪ್ಪು ನಂದು ಎಂದು ಹೇಳಿ ಕರೆದರು. ಹಾಕಿಕೊಟ್ಟೆ. ಈಗ ದಿನಾ ಬೆಳಿಗ್ಗೆ ಚೀಲಗಳಿಗೆ ನೀರು ಹೊಯ್ಯುವವರು ಅವರೇ. ಇವತ್ತು ಒಂಬತ್ತನೇ ದಿನ. ಹೋಗಿ ನೋಡಿದೆ.

"ತೊಟ್ಟಿ ಮೂಲೆ ಒಣಗೈತೆ ಸಾವ್ಕಾರ್ರೆ, ಅಲ್ಲಿಗೂ ಹುಯ್ರಿ."

ಹುಯ್ದರು.