ಮುಚ್ಚಿಟ್ಟ ತಾರೀಖು

ಆ ಶನಿವಾರ ಬೆಳಿಗ್ಗೆ ನ್ಯೂಯಾರ್ಕಿನ ಹಿಲ್‌ಸೈಡ್ ರಸ್ತೆಯ ಮೇಲೆ ಮಳೆಯೂ ಅಲ್ಲದ, ಹಿಮವೂ ಅಲ್ಲದ ತಣ್ಣನೆಯದೊಂದು ಬೀಳುತ್ತಿತ್ತು. ಶಾಹಾನಾರಾ ನಮಾಜು ಮುಗಿಸಿ ಅಡುಗೆಮನೆಗೆ ಬಂದರೆ ಮಗಳಿಗೆಂದು ತೆಗೆದಿಟ್ಟ ರಸಗುಲ್ಲದ ಡಬ್ಬಿ ಮುಚ್ಚಿದಂತೆಯೇ ಇತ್ತು. ಮಗಳು ಜೆರಿನ್‌ಗೆ ನಗರದ ಹೆಸರುವಾಸಿ ಸರ್ಕಾರಿ ಪ್ರೌಢಶಾಲೆಯಲ್ಲಿ ಸೀಟು ಸಿಕ್ಕಿತ್ತು. ಬಂಗಾಳಿ ವಾರಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಕಟ್ಟಡದ ಇಪ್ಪತ್ತೆರಡು ಬಂಗಾಳಿ ಮನೆಗಳೂ ಬಾಯಿ ಸಿಹಿ ಮಾಡಿಕೊಂಡಿದ್ದವು. ಸೀಟು ಗೆದ್ದವಳು ಮಾತ್ರ ಒಂದು ತುಣುಕನ್ನೂ ಮುಟ್ಟಿರಲಿಲ್ಲ.

ಕಾರಣ ತಾಯಿಗೆ ಗೊತ್ತಿತ್ತು.

ಅಂಥ ಶಾಲೆಗಳ ಬಾಗಿಲು ತೆರೆಯುವುದು ಒಂದೇ ಒಂದು ಪರೀಕ್ಷೆಗೆ. ಸೀರೆ ಅಂಗಡಿಯ ಮಹಡಿಯಲ್ಲಿ ಕುದ್ದುಸ್ ಸಾರ್ ನಡೆಸುತ್ತಿದ್ದ ಕೋಚಿಂಗಿಗೆ ಬಂಗಾಳಿ ಮಕ್ಕಳು ಐದನೇ ತರಗತಿಯಿಂದಲೇ ರಜೆಯಿಲ್ಲದೆ ಹೋಗುತ್ತಿದ್ದರು. ಅಲ್ಲಿ ಒಂದು ಪದ್ಧತಿ ಬೆಳೆದಿತ್ತು. ಪರೀಕ್ಷೆಗೆ ಹೆಸರು ಕೊಡುವ ತಾರೀಖನ್ನು ಹೊರಗಿನವರಿಗೆ ಹೇಳಕೂಡದು. ಒಬ್ಬರು ಕಡಿಮೆಯಾದರೆ ನಮಗೊಂದು ಕುರ್ಚಿ ಜಾಸ್ತಿ ಎಂದು ಸಾರ್ ನಗುತ್ತಿದ್ದರು. ಪ್ರತಿ ತಾಯಿಯೂ ಮಗುವಿನಿಂದ ಆಣೆ ಹಾಕಿಸುತ್ತಿದ್ದಳು. ಶಾಹಾನಾರಾ ಕೂಡ ಹಾಕಿಸಿದ್ದಳು, ಮಗಳ ಅಂಗೈಯನ್ನು ತನ್ನ ತಲೆಯ ಮೇಲೆ ಒತ್ತಿ ಹಿಡಿದು.

ಜೆರಿನ್‌ಳ ತರಗತಿಯಲ್ಲಿ ಗಣಿತಕ್ಕೆ ಮೊದಲಿಗಳು ಟಮಿಯಾ, ಅಜ್ಜಿಯ ಆಸರೆಯಲ್ಲಿ ಬೆಳೆದ ಕಪ್ಪು ಹುಡುಗಿ. ಮೂರು ವರ್ಷದ ಹಿಂದೆ ಇಂಗ್ಲಿಷ್ ಬಾರದೆ ಮೂಲೆಯಲ್ಲಿ ಕೂತಿದ್ದ ಜೆರಿನ್‌ಳನ್ನು ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಸಾಲು ಸಾಲಾಗಿ ಓದು ಕಲಿಸಿದವಳು ಅವಳೇ. ಇಲ್ಲಿಂದ ಯಾರು ಪಾಸಾಗುತ್ತಾರೆ ಎಂದು ಅವರಿಬ್ಬರೂ ಓದುತ್ತಿದ್ದ ಶಾಲೆ ಯಾರಿಗೂ ಪರೀಕ್ಷೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಹೆಸರು ಕೊಡುವುದು ಯಾವಾಗ ಎಂದು ಟಮಿಯಾ ಗೆಳತಿಯನ್ನು ಕೇಳಿದಳು. ಗೊತ್ತಿಲ್ಲ ಎಂದಳು ಜೆರಿನ್. ಟಮಿಯಾಗೆ ತಿಳಿಯುವ ಹೊತ್ತಿಗೆ ತಾರೀಖು ಕಳೆದು ನಾಲ್ಕು ದಿನವಾಗಿತ್ತು. ಅಂದಿನಿಂದ ಜೆರಿನ್ ಶಾಲೆಯಲ್ಲಿ ಊಟಕ್ಕೇ ಕೂರುತ್ತಿರಲಿಲ್ಲ. ಮನೆಗೆ ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ಆ ಶನಿವಾರವೇ ನಗರದ ಶಿಕ್ಷಣ ಇಲಾಖೆಯವರು ಸಭೆ ಕರೆದಿದ್ದರು. ಪರೀಕ್ಷೆ ತೆಗೆದು, ಪ್ರತಿ ಶಾಲೆಯಿಂದ ಹೆಚ್ಚು ಅಂಕದ ಮಕ್ಕಳನ್ನು ಆ ಪ್ರೌಢಶಾಲೆಗಳಿಗೆ ಆರಿಸಬೇಕೆ ಎಂಬ ಚರ್ಚೆ. ಟ್ಯಾಕ್ಸಿ ಓಡಿಸಿ ಆಗಷ್ಟೇ ಮನೆಗೆ ಬಂದ ಗಂಡ ಮೊತಾಲಿಬ್ ಶೂ ಬಿಚ್ಚುತ್ತಲೇ ಹೇಳಿದ.

"ಹೋಗಿ ಗಟ್ಟಿಯಾಗಿ ಮಾತಾಡು. ಈ ಊರಲ್ಲಿ ನನ್ನ ಹೆಸರು ನೋಡಿ ಎಷ್ಟು ಬಾಗ್ಲು ಹಾಕ್ಕೊಂಡಿವೆ. ಆ ಪರೀಕ್ಷೆ ಒಂದೇ ನಮ್ಮ ಬಣ್ಣ ಕೇಳ್ದೇ ಇರೋದು."

ಅದು ಸುಳ್ಳಲ್ಲ. ಶಾಹಾನಾರಾ ತಲೆದೂಗಿದಳು.

ಗೋಡೆಗೆ ಮುಖ ಮಾಡಿ ಮಲಗಿದ್ದ ಜೆರಿನ್ ಮೆಲ್ಲಗೆ, "ಬಣ್ಣ ಕೇಳಲ್ಲ ಅಬ್ಬು. ಆದ್ರೆ ತಾರೀಖು ಗೊತ್ತಿರ್ಬೇಕಲ್ಲ," ಎಂದಳು.

"ಸೀಟು ಸಿಕ್ತಲ್ಲ ನಿಂಗೆ? ಇನ್ನೇನು ಗೋಳು?"

"ಸೀಟು ಬಿಟ್ಟರೆ ಅಮ್ಮನ ಮರ್ಯಾದೆ ಹೋಗುತ್ತೆ. ಹೋದ್ರೆ ಟಮಿಯಾಳ ಕುರ್ಚಿ ಮೇಲೆ ಕೂತಂಗೆ. ನಾನು ಎಲ್ಲಿಗೆ ಹೋಗ್ಲಿ?"

ಶಾಹಾನಾರಾ ಕೋಟು ಹಾಕಿಕೊಂಡು ಸಭೆಗೆ ಹೊರಟಳು.

ಸಭಾಂಗಣದಲ್ಲಿ ಮಾತನಾಡುವವರಿಗೆ ಬಂದ ಸರದಿಯಲ್ಲಿ ನಂಬರು ಚೀಟಿ ಕೊಡುತ್ತಿದ್ದರು. ಚೀಟಿ ಹಿಡಿದವರಿಗೆ ಎರಡು ನಿಮಿಷ. ಕುದ್ದುಸ್ ಸಾರ್ ತಮ್ಮವರನ್ನು ಏಳು ಗಂಟೆಗೇ ಸಾಲಿನಲ್ಲಿ ನಿಲ್ಲಿಸಿ ಇದ್ದ ಮೂವತ್ತೂ ಚೀಟಿ ತೆಗೆಸಿಬಿಟ್ಟಿದ್ದರು. ಶಾಹಾನಾರಾಳದು ಹತ್ತೊಂಬತ್ತು. ಹೇಳಬೇಕಾದ್ದನ್ನೂ ಅವರೇ ಬರೆದುಕೊಟ್ಟಿದ್ದರು: ನಮ್ಮ ಮಕ್ಕಳು ಕಷ್ಟಪಟ್ಟರು, ಆ ಜನಕ್ಕೆ ಓದುವ ಮನಸ್ಸಿಲ್ಲ.

ಒಂಬತ್ತು ಗಂಟೆಗೆ ಬಾಗಿಲಲ್ಲಿ ಟಮಿಯಾ ಕಾಣಿಸಿಕೊಂಡಳು. ಜೊತೆಗೆ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ನೇರ ಬಂದ ಅವಳ ಅಜ್ಜಿ. ಚೀಟಿ ಮುಗಿದಿದೆ ಎಂದರು. ಹುಡುಗಿ ತಾನು ಮಾತಾಡಲು ಬರೆದು ತಂದಿದ್ದ ಕಾಗದವನ್ನು ಮಡಚಿ, ಮತ್ತೆ ಮಡಚಿ, ಗೋಡೆಗೆ ಒರಗಿ ನಿಂತಳು.

ಸಾರ್ ಹಿಂದಿನಿಂದ ಬಗ್ಗಿ, "ಮೊದಲು ಬಂದವರಿಗೆ ಮೊದಲು. ಇದೂ ಮೆರಿಟ್ಟೇ ಅಲ್ವಾ ಭಾಬಿ?" ಎಂದರು. ಸುತ್ತಲಿದ್ದವರು ನಕ್ಕರು.

ಶಾಹಾನಾರಾಗೆ ನಗು ಬರಲಿಲ್ಲ. ತವರೂರು ನೊವಾಖಾಲಿಯ ಮಸೀದಿಯ ಮುದುಕ ಮೌಲವಿ ಹೇಳುತ್ತಿದ್ದ ಮಾತು ನೆನಪಾಯಿತು: ಇನ್ನೊಬ್ಬರ ಸ್ವತ್ತು ಮನೆಯಲ್ಲಿಟ್ಟುಕೊಂಡು ಮಾಡಿದ ನಮಾಜು ಸೂರಿಗಿಂತ ಮೇಲೆ ಏರದು. ತಾನು ತಿಂಗಳುಗಳಿಂದ ಸೂರಿನ ಕೆಳಗೇ ಹಣೆ ಊರುತ್ತಿದ್ದೇನೆ ಎನಿಸಿತು.

"ಹದಿನೆಂಟು," ಎಂದು ವೇದಿಕೆಯಿಂದ ಕೂಗಿದರು.

ಅವಳು ಎದ್ದಳು. ವೇದಿಕೆಯ ಕಡೆಗಲ್ಲ, ಬಾಗಿಲ ಕಡೆಗೆ ನಡೆದಳು. ಭಾಬಿ, ಭಾಬಿ ಎಂದು ಸಾರ್ ಎರಡು ಸಲ ಕರೆದರು. ಟಮಿಯಾಳ ಮುಂದೆ ನಿಂತು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು.

"ಜೆರಿನ್‌ಗೆ ತಾರೀಖು ಗೊತ್ತಿತ್ತು ಮಗಳೇ. ಹೇಳ್ಬೇಡ ಅಂತ ಆಣೆ ಹಾಕಿಸ್ದವಳು ನಾನು. ವೇದಿಕೆ ಮೇಲೆ ಅದನ್ನೂ ಸೇರಿಸಿ ಹೇಳು."

ಅಜ್ಜಿ ಅವಳನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಕ್ಷಮೆ ಇರಲಿಲ್ಲ. ಶಾಹಾನಾರಾ ಅದನ್ನು ಕೇಳಲೂ ಇಲ್ಲ. ಹುಡುಗಿಯ ಅಂಗೈ ಬಿಡಿಸಿ ಹತ್ತೊಂಬತ್ತನೆಯ ಚೀಟಿಯನ್ನು ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.